ಹರಪನಹಳ್ಳಿಯಿಂದ ಮಾಡಿದ ಫೋನು

ದೆವ್ವ, ಗಾಳಿ, ಸತ್ತವರು ಬಂದು ಮಾತಾಡುವುದು, ಇಂಥ ಸುದ್ದಿ ಎದ್ದಾಗ ಮೊದಲು ನಗುತ್ತಿದ್ದವಳು ನಾನೇ. ಕಚೇರಿಯಲ್ಲಿ ಊಟದ ಹೊತ್ತಿಗೆ ಯಾರಾದರೂ ಅಂಥ ಕಥೆ ತೆಗೆದರೆ ಪೂರ್ತಿ ಹೇಳಲು ಬಿಟ್ಟು, ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದೆ: "ನೀವೇ ನೋಡಿದ್ರಾ?" ಅವರು ನೋಡಿರುತ್ತಿರಲಿಲ್ಲ. ಅವರ ಚಿಕ್ಕಮ್ಮ ನೋಡಿರುತ್ತಿದ್ದರು, ಅಥವಾ ಚಿಕ್ಕಮ್ಮನ ಮನೆಗೆ ಹಾಲು ಹಾಕುವವನು ನೋಡಿರುತ್ತಿದ್ದ. ಅಲ್ಲಿಗೆ ನಾನು ಗೆದ್ದ ಹಾಗೆ. ಈಗ ನೀವು ಅದೇ ಪ್ರಶ್ನೆಯನ್ನು ನನಗೆ ಹಾಕಿದರೆ, ಹೌದು, ನಾನೇ ಕೇಳಿದ್ದು, ನನ್ನ ಇದೇ ಕಿವಿಯಲ್ಲಿ ಎನ್ನಬೇಕಾಗುತ್ತದೆ. ನಂಬಿ ಎಂದು ಒತ್ತಾಯಿಸುವ ಧೈರ್ಯ ನನಗಿಲ್ಲ. ಒಡಹುಟ್ಟಿದ ಅಣ್ಣನೇ ನನ್ನನ್ನು ನಂಬಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಮೊಬೈಲು ನಮ್ಮಂಥವರ ಕೈಗೆ ಇನ್ನೂ ಬಂದಿರಲಿಲ್ಲ. ನಾನು ಶಿವಮೊಗ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಮದುವೆಯಾಗಿರಲಿಲ್ಲ, ಒಂದು ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅಪ್ಪ, ಅಮ್ಮ, ಅಣ್ಣ, ಅತ್ತಿಗೆ ತಿಪಟೂರಿನಲ್ಲಿ. ಅಪ್ಪ ದರ್ಜಿ. ನಮ್ಮ ಬೀದಿಯ ತುದಿಯಲ್ಲೇ ಅವನ ಅಂಗಡಿ. ಅಣ್ಣ ದುಡಿಯಲು ಶುರುಮಾಡಿದ ಮೇಲೂ ಅಪ್ಪ ಹೊಲಿಗೆ ಬಿಟ್ಟಿರಲಿಲ್ಲ.

ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವಳು ಶಾಂತಾ, ಹರಪನಹಳ್ಳಿಯ ಹುಡುಗಿ. ಆ ಸಲ ಎರಡನೇ ಶನಿವಾರ, ಭಾನುವಾರ, ಸೋಮವಾರ ಮೂರೂ ಸೇರಿ ರಜೆ ಬಂತು. ಉಳಿದವರೆಲ್ಲ ಗೋಕರ್ಣ, ಜೋಗ ಎಂದು ಹೊರಟಿದ್ದರು. ಶಾಂತಾ, "ನಮ್ಮೂರಿಗೆ ಬಾ" ಎಂದಳು. ನಾನು ಒಪ್ಪಿದ್ದು ಕೇಳಿ ಕಚೇರಿಯವರು ನಕ್ಕರು. ರಜೆ ಹಾಳುಮಾಡಿಕೊಂಡು ಯಾರಾದರೂ ಹರಪನಹಳ್ಳಿ ನೋಡಲು ಹೋಗುತ್ತಾರೆಯೇ ಎಂದು. ನಿಜ, ಪ್ರವಾಸಕ್ಕೆಂದು ಯಾರೂ ಹೆಸರು ಹೇಳುವ ಊರಲ್ಲ ಅದು. ನನಗೋ ಹೋಗಿಬರಲು ಒಂದು ಮನೆ ಸಿಕ್ಕಿದ್ದೇ ಸಾಕಾಗಿತ್ತು. ಶುಕ್ರವಾರ, ಶನಿವಾರ ಅಲ್ಲಿದ್ದು, ಭಾನುವಾರ ಬೆಳಿಗ್ಗೆ ಹೊರಟು ಮಧ್ಯಾಹ್ನದ ಹೊತ್ತಿಗೆ ತಿಪಟೂರು ಸೇರಿ, ಸೋಮವಾರ ಅಪ್ಪ ಅಮ್ಮನ ಜೊತೆ ಇದ್ದು ಬರುವುದೆಂದು ಲೆಕ್ಕ ಹಾಕಿದ್ದೆ. ಹೊರಡುವ ಮುಂಚೆ ಮನೆಗೂ ಹಾಗೇ ತಿಳಿಸಿದ್ದೆ.

ಶುಕ್ರವಾರ ಸಂಜೆ ಹರಿಹರದಿಂದ ಬಸ್ಸು ಹಿಡಿದೆವು. ಮೆಕ್ಕೆಜೋಳದ ಕಾಲ. ಟಾರು ರಸ್ತೆಯ ಅರ್ಧಕ್ಕೆ ಮೈಲಿಗಟ್ಟಲೆ ಜೋಳ ಹರವಿ ಒಣಗಲು ಹಾಕಿದ್ದರು. ಬಸ್ಸು ಅದನ್ನು ತಪ್ಪಿಸಿಕೊಂಡು ಒಂದು ಮಗ್ಗುಲಿಗೆ ವಾಲುತ್ತ ಹೋಗುತ್ತಿತ್ತು. ಶಾಂತಾಳ ಮನೆಯಲ್ಲಿ ಅವಳ ಅಣ್ಣ ಕೊಟ್ರಪ್ಪ ಮೇಷ್ಟ್ರು, ಅತ್ತಿಗೆ ಗೌರಮ್ಮ ಇದ್ದರು. ನಾನು ಹೊಸಿಲು ದಾಟುವ ಮೊದಲೇ ಗೌರಮ್ಮ ಕಾಲಿಗೆ ನೀರು ತಂದು, "ಬರ್ರಿ, ಬರ್ರಿ. ನಿಮ್ಮ ಸುದ್ದಿ ಕೇಳಿ ಕೇಳಿ ನೀವು ನಮ್ಮ ಮನಿಯಾಕಿನಾ ಆಗಿಬಿಟ್ಟೀರಿ" ಎಂದರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಸಾಕು ಎಂದಷ್ಟೂ ತಟ್ಟೆಗೆ ಬೀಳುತ್ತಿತ್ತು.

ಶನಿವಾರ ಬೆಳಿಗ್ಗೆ ಮೇಷ್ಟ್ರು ನಮ್ಮಿಬ್ಬರನ್ನೂ ಹತ್ತಿರದ ಬಾಗಳಿ ಎಂಬ ಹಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿಯ ಕಲ್ಲಿನ ದೇವಸ್ಥಾನ ನೋಡಿ ಬೆರಗಾದೆ. ಸಾಲು ಸಾಲು ಕಂಬಗಳು, ಒಂದರ ಹಾಗೆ ಇನ್ನೊಂದಿಲ್ಲ, ಮುಖ ಕಾಣುವಷ್ಟು ನುಣುಪು. ನೋಡಲು ನಮ್ಮನ್ನು ಬಿಟ್ಟರೆ ಒಂದು ಆಡು ಮಾತ್ರ ಇತ್ತು. ಮಧ್ಯಾಹ್ನ ಹಿಂದಿರುಗಿ, ಉಂಡು ಮಲಗಿ ಎದ್ದಾಗ ಬಿಸಿಲು ಇಳಿದಿತ್ತು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ ಆ ದಿನ ನನ್ನ ಮನಸ್ಸು ಎಷ್ಟು ಹಗುರವಾಗಿತ್ತು ಎಂಬುದು ನಿಮಗೆ ಗೊತ್ತಿರಲಿ ಎಂದು. ಯಾವ ಕಳವಳವೂ ಇರಲಿಲ್ಲ, ಕೆಟ್ಟ ಕನಸು ಬಿದ್ದಿರಲಿಲ್ಲ, ಎಡಗಣ್ಣಾಗಲಿ ಬಲಗಣ್ಣಾಗಲಿ ಅದುರಿರಲಿಲ್ಲ.

ಭಾನುವಾರ ಬರುತ್ತೇನೆಂದು ಮನೆಗೆ ಇನ್ನೊಮ್ಮೆ ಹೇಳಿಬಿಡೋಣ ಎನಿಸಿತು. ಮೇಷ್ಟ್ರ ಮನೆಯಲ್ಲಿ ಫೋನಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಶಾಂತಾ ನನ್ನನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಎಸ್‌ಟಿಡಿ ಬೂತಿಗೆ ಕರೆದೊಯ್ದಳು. ಅದನ್ನು ನಡೆಸುತ್ತಿದ್ದವರು ರತ್ನಮ್ಮ ಎಂಬ ನಡುವಯಸ್ಸಿನ ಹೆಂಗಸು. ಒಂದು ಕಾಲಿಗೆ ಬಲವಿರಲಿಲ್ಲ, ಬಾಗಿಲ ಪಕ್ಕ ಅವರ ಮೂರು ಗಾಲಿಯ ಸೈಕಲ್ಲು ನಿಂತಿತ್ತು. ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದವರು ತಲೆ ಎತ್ತಿ, "ಹೋಗ್ರಿ ಒಳಗ, ಖಾಲಿನೇ ಐತಿ" ಎಂದರು. ಶಾಂತಾ ಅವರ ಜೊತೆ ಮಾತಿಗೆ ನಿಂತಳು. ನಾನು ಗಾಜಿನ ಗೂಡಿನೊಳಗೆ ಹೋಗಿ ನಂಬರು ಒತ್ತಿದೆ.

ನಮ್ಮ ಅಪ್ಪನಿಗೂ ಫೋನಿಗೂ ಆಗುತ್ತಿರಲಿಲ್ಲ. ನೀವು ಇಂಥ ಅಪ್ಪಂದಿರನ್ನು ನೋಡಿರುತ್ತೀರಿ. ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಮಾತ್ರ ಎತ್ತುವನು. ಎತ್ತಿದರೂ, "ಹಾಂ, ಹುಷಾರಾ? ತಗೊ, ನಿಮ್ಮಮ್ಮಂಗೆ ಕೊಡ್ತೀನಿ" ಎಂದು ಬಿಸಿ ಪಾತ್ರೆ ದಾಟಿಸುವ ಹಾಗೆ ದಾಟಿಸಿಬಿಡುವನು. ಆದ್ದರಿಂದ ಅತ್ತಿಗೆಯ ದನಿಯನ್ನು ಎದುರು ನೋಡುತ್ತಿದ್ದೆ. ಗಂಟೆ ಒಮ್ಮೆ ಹೊಡೆಯುವುದರೊಳಗೆ ಆ ಕಡೆ ಎತ್ತಿದರು. ನಾನು ಹಲೋ ಅನ್ನುವ ಮೊದಲೇ, "ಯಾರು, ಅಮ್ಮಣ್ಣೀನಾ?" ಎಂದಿತು ದನಿ.

ಅಪ್ಪ. ನನ್ನನ್ನು ಅಮ್ಮಣ್ಣಿ ಎಂದು ಕರೆಯುತ್ತಿದ್ದದ್ದು ಜಗತ್ತಿನಲ್ಲಿ ಅವನೊಬ್ಬನೇ.

"ಏನಪ್ಪಾ, ನೀನೇ ಎತ್ತಿಬಿಟ್ಟೆ?" ಎಂದು ನಕ್ಕೆ.

"ಯಾರೂ ಎತ್ತಲಿಲ್ಲ ಕಣೆ. ನಾನೇ ಎತ್ತಿದೆ. ಊರು ಹೆಂಗೈತೆ?"

ಅಪ್ಪ ಪ್ರಶ್ನೆ ಕೇಳಿದ್ದೇ ದೊಡ್ಡದು. ಖುಷಿಯಾಗಿ ರೊಟ್ಟಿಯಿಂದ ಬಾಗಳಿಯ ಕಂಬಗಳವರೆಗೆ ಎಲ್ಲ ಹೇಳಿದೆ. ಅವನು ಹೂಂ, ಹೂಂ ಎಂದು ಕೇಳಿಸಿಕೊಂಡ. ಫೋನಿನಲ್ಲಿ ಅವನು ನನ್ನ ಮಾತು ಅಷ್ಟು ಹೊತ್ತು ಕೇಳಿದ್ದು ಅದೇ ಮೊದಲು. ಆಮೇಲೆ, "ಕೆರೆ ನೋಡಿದ್ಯಾ?" ಎಂದ.

"ಇನ್ನೂ ಇಲ್ಲಪ್ಪ."

"ನೋಡು. ನಾಳೆ ಸಂಜೆ ಏರಿ ಮೇಲೆ ಕೂತ್ಕೊ. ಗಾಳಿ ಚೆನ್ನಾಗಿರ್ತದೆ."

ಅಪ್ಪ ಹರಪನಹಳ್ಳಿಗೆ ಯಾವತ್ತೂ ಬಂದವನಲ್ಲ. ಆದರೆ ಕೆರೆಯಿಲ್ಲದ ಊರು ನಮ್ಮ ಕಡೆ ಯಾವುದಿದೆ? ನನಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ವಿಶೇಷ ಅನ್ನಿಸಿದ್ದು ಅವನ ಹಿಂದೆ ಕೇಳುತ್ತಿದ್ದ ಸದ್ದು. ತುಂಬ ಜನ ಒಂದೇ ಕಡೆ ಕೂತು ತಗ್ಗಿದ ದನಿಯಲ್ಲಿ ಮಾತಾಡಿದ ಹಾಗೆ. ಯಾರೋ ಕೆಮ್ಮಿದರು. ಒಂದು ಮಗು ಅತ್ತಿತು, ಯಾರೋ ಸುಮ್ಮನಾಗಿಸಿದರು.

"ಏನಪ್ಪಾ ಗಲಾಟೆ ಮನೇಲಿ?"

"ಜನ ಬಂದವ್ರೆ."

"ಯಾವ ಜನ?"

"ನಮ್ಮೋರೇ ಎಲ್ಲ. ಗುಬ್ಬಿಯಿಂದ ನಿಮ್ಮತ್ತೇನೂ ಬಂದವ್ಳೆ." ಅಪ್ಪ ಸಣ್ಣಗೆ ನಕ್ಕ. "ಕೊನೆಗೂ ಬಂದ್ಳು ಕಣೆ."

ನನಗೆ ಆಶ್ಚರ್ಯ. ಗುಬ್ಬಿಯ ಅತ್ತೆ ಅಪ್ಪನ ಒಬ್ಬಳೇ ತಂಗಿ. ಮನೆ ಪಾಲಿನ ವಿಷಯಕ್ಕೆ ಮಾತು ಬೆಳೆದು, ನಮ್ಮ ಮನೆಯ ಹೊಸಿಲು ತುಳಿಯುವುದಿಲ್ಲವೆಂದು ಹೋದವಳು ವರ್ಷಾನುಗಟ್ಟಲೆ ಬಂದಿರಲಿಲ್ಲ. ಅಣ್ಣನ ಮದುವೆಗೂ ಬಂದಿರಲಿಲ್ಲ. ಈಗ ತಾನಾಗಿ ಬಂದಿದ್ದಾಳೆಂದರೆ ರಾಜಿಯಾಗಿರಬೇಕು, ಅದಕ್ಕೇ ನೆಂಟರೆಲ್ಲ ಸೇರಿದ್ದಾರೆ, ಅದಕ್ಕೇ ಅಪ್ಪ ಇಷ್ಟು ಮಾತಾಡುತ್ತಿದ್ದಾನೆ ಎಂದುಕೊಂಡೆ. "ಹಂಗಾದ್ರೆ ನಾಳೆ ಬೆಳಿಗ್ಗೆ ಮೊದಲನೇ ಬಸ್ಸಿಗೇ ಹೊರಡ್ತೀನಿ" ಎಂದೆ.

ಆ ಕಡೆ ಜನರ ಗುಜುಗುಜು. ಆಮೇಲೆ ಅಪ್ಪ, "ನಾಳೆ ಬ್ಯಾಡ. ನಾಡಿದ್ದು ಬಾ" ಎಂದ.

"ಯಾಕಪ್ಪಾ?"

"ಇಲ್ಲಿ ಜನ ಜಾಸ್ತಿ. ನಿಂಗೆ ಕೂರಕ್ಕೂ ಜಾಗ ಇರಲ್ಲ. ನಾಡಿದ್ದು ಸೋಮವಾರ ನಿಧಾನಕ್ಕೆ ಬಾ."

"ಅಮ್ಮಂಗೆ ಕೊಡು, ಅವಳನ್ನೇ ಕೇಳ್ತೀನಿ."

"ಅವಳು ಜನದ ಮಧ್ಯ ಕೂತವ್ಳೆ. ಏಳಕ್ಕಾಗಲ್ಲ. ಬಿಡು."

ಆಯ್ತಪ್ಪ ಎಂದೆ. ಹುಷಾರು ಎಂದ. ಅವನು ಫೋನು ಇಟ್ಟ ಸದ್ದು ಬರಲಿಲ್ಲ. ಆ ಗುಜುಗುಜು ಹಾಗೇ ಕೇಳುತ್ತಿತ್ತು. ಇಡುವುದು ಮರೆತಿರಬೇಕೆಂದು ನಾನೇ ಇಟ್ಟೆ. ಹೊರಗೆ ಬಂದು ಶಾಂತಾಳಿಗೆ, ಅತ್ತೆ ಬಂದಿದ್ದಾಳಂತೆ, ಮನೆ ತುಂಬ ಜನವಂತೆ, ಸೋಮವಾರ ಬಾ ಅಂದ ಅಪ್ಪ ಎಂದು ಹೇಳಿದೆ. ಅವಳು ನನ್ನ ಕೈ ಹಿಡಿದು ಕುಣಿದಳು. ಗೌರಮ್ಮ ಮಾರನೆಯ ದಿನಕ್ಕೆ ಹೋಳಿಗೆಗೆ ಬೇಳೆ ಅಳೆದರು.

ಭಾನುವಾರ ಕೋಟೆ ಸುತ್ತಿದೆವು, ಹೋಳಿಗೆ ಉಂಡೆವು. ಸಂಜೆ, ಅಪ್ಪ ಹೇಳಿದ ಹಾಗೆ, ಕೆರೆ ಏರಿಯ ಮೇಲೆ ಹೋಗಿ ಕೂತೆವು. ಕೆರೆ ಅರ್ಧ ತುಂಬಿತ್ತು. ಗಾಳಿ ನಿಜವಾಗಿಯೂ ಚೆನ್ನಾಗಿತ್ತು. ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ತಿನ್ನುತ್ತ ಕತ್ತಲಾಗುವ ತನಕ ಹರಟಿದೆವು.

ಸೋಮವಾರ ತಿಪಟೂರಿನಲ್ಲಿ ಬಸ್ಸಿಳಿದಾಗ ಮಧ್ಯಾಹ್ನ ಕಳೆದಿತ್ತು. ಬೀದಿಯ ತುದಿಯಲ್ಲಿ ಅಪ್ಪನ ಅಂಗಡಿ ಮುಚ್ಚಿತ್ತು. ಎದುರಿಗೆ ಬಂದ ಪಕ್ಕದ ಮನೆಯವರು ನನ್ನನ್ನು ನೋಡಿ ಮಾತಾಡಿಸದೆ ತಲೆ ತಗ್ಗಿಸಿ ಹೋದರು. ನಮ್ಮ ಮನೆಯ ಮುಂದೆ ಇಬ್ಬರು ಶಾಮಿಯಾನದ ಹಗ್ಗ ಬಿಚ್ಚುತ್ತಿದ್ದರು. ಅಷ್ಟು ನೋಡಿದರೂ ನನಗೆ ಹೊಳೆಯಲಿಲ್ಲ ನೋಡಿ. ಅತ್ತೆ ಬಂದ ಸಂತೋಷಕ್ಕೆ ಶಾಮಿಯಾನ ಬೇರೆ ಹಾಕಿಸಿದರೇ ಎಂದುಕೊಂಡೇ ಮೆಟ್ಟಿಲು ಹತ್ತಿದೆ.

ಅಣ್ಣ ಬಾಗಿಲಲ್ಲಿ ನಿಂತಿದ್ದ. ಕಣ್ಣು ಕೆಂಪಗಾಗಿತ್ತು. "ಈಗ ಬಂದ್ಯಾ?" ಎಂದ.

ಅಪ್ಪ ಶನಿವಾರ ಬೆಳಿಗ್ಗೆ ಅಂಗಡಿಯಲ್ಲಿ, ಹೊಲಿಗೆ ಯಂತ್ರದ ಮೇಲೇ ಕುಸಿದನಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು. ಮಧ್ಯಾಹ್ನವೇ ಮನೆಗೆ ತಂದರು. ನಮ್ಮ ಪದ್ಧತಿಯಂತೆ ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ನನಗೆ ತಿಳಿಸಲು ಅಣ್ಣ ಪಕ್ಕದ ಬೀದಿಗೆ ಹೋಗಿ ಶಿವಮೊಗ್ಗದ ನನ್ನ ಮನೆ ಮಾಲೀಕರಿಗೆ ಫೋನು ಮಾಡಿದ್ದ. ಹರಪನಹಳ್ಳಿಗೆ ಹೋಗಿದ್ದಾಳೆ ಎನ್ನುವುದು ಬಿಟ್ಟರೆ ಅವರಿಗೆ ಏನೂ ಗೊತ್ತಿರಲಿಲ್ಲ. ಶಾಂತಾಳ ಅಣ್ಣನ ಹೆಸರು ನಮ್ಮ ಮನೆಯಲ್ಲೂ ಯಾರಿಗೂ ತಿಳಿಯದು. ಅಮ್ಮ ಮಾತ್ರ, "ಭಾನುವಾರ ಬರ್ತೀನಿ ಅಂದವ್ಳೆ, ಬಂದೇ ಬರ್ತಾಳೆ. ಅವಳು ಮುಖ ನೋಡೋ ತನಕ ಎತ್ತಬೇಡಿ" ಎಂದು ಹಟ ಹಿಡಿದಳಂತೆ. ಭಾನುವಾರ ಮಧ್ಯಾಹ್ನದ ಬಸ್ಸುಗಳನ್ನೆಲ್ಲ ಕಾದರು. ಹೊತ್ತು ಇಳಿಯುವವರೆಗೆ ಕಾದು, ಇನ್ನು ತಡೆಯಲಾಗದೆ ಒಯ್ದು ಮಣ್ಣು ಮಾಡಿದರು. ನಾನು ಆಗ ಕೆರೆ ಏರಿಯ ಮೇಲೆ ಕೂತಿದ್ದೆ.

ಇಷ್ಟನ್ನೂ ಕೇಳಿದ ಮೇಲೆ ನನಗೆ ಅಳು ಬಂತೋ ಇಲ್ಲವೋ ನೆನಪಿಲ್ಲ. ನನ್ನ ಬಾಯಿಂದ ಮೊದಲು ಬಂದದ್ದು, "ಸುಳ್ಳು. ಶನಿವಾರ ಸಂಜೆ ನನ್ ಜೊತೆ ಮಾತಾಡಿದ್ನಲ್ಲ" ಎನ್ನುವ ಮಾತು.

"ಯಾರು?"

"ಅಪ್ಪ. ನಾನು ಫೋನ್ ಮಾಡಿದ್ದೆ. ಅವನೇ ಎತ್ತಿದ. ನಾಡಿದ್ದು ಬಾ ಅಂದ."

ಮನೆಯಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಅಣ್ಣ ನನ್ನ ರಟ್ಟೆ ಹಿಡಿದು ನಡುಮನೆಗೆ ಕರೆದೊಯ್ದ. ಗೋಡೆಯ ಬಳಿ ಅಪ್ಪನನ್ನು ಕೂರಿಸಿದ್ದ ಜಾಗದಲ್ಲಿ ದೀಪ ಇಟ್ಟಿದ್ದರು. ಅದರ ಪಕ್ಕದಲ್ಲೇ, ಕೂತವರ ಕೈಗೆ ಎಟುಕುವ ಹಾಗೆ, ಫೋನಿನ ಸ್ಟ್ಯಾಂಡು. ಅಣ್ಣ ರಿಸೀವರ್ ಎತ್ತಿ ನನ್ನ ಕಿವಿಗೆ ಹಿಡಿದ. ಸದ್ದೇ ಇಲ್ಲ. ರಸ್ತೆ ಅಗೆಯುವವರು ಕೇಬಲ್ ಕಡಿದು ಹಾಕಿ ಶುಕ್ರವಾರದಿಂದಲೇ ನಮ್ಮ ಬೀದಿಯ ಅಷ್ಟೂ ಫೋನುಗಳು ಸತ್ತಿದ್ದವು. ಪಕ್ಕದ ಬೀದಿಗೆ ಹೋಗಿ ಮಾಲೀಕರಿಗೆ ಫೋನು ಮಾಡಿದ್ದು ಅದಕ್ಕೇ.

"ಎಲ್ಲಿಗೋ ಮಾಡಿದ್ದೀಯ. ರಾಂಗ್ ನಂಬರ್" ಎಂದ ಅಣ್ಣ. ಆ ಹೊತ್ತಿಗೆ ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನನ್ನ ಮೇಲೆ ಕನಿಕರವೇ ಇತ್ತು. ಅಲ್ಲಿಗೆ ನಾನು ಸುಮ್ಮನಾಗಿದ್ದರೆ ಎಲ್ಲ ಮುಗಿಯುತ್ತಿತ್ತು. ನನಗೆ ಸುಮ್ಮನಿರಲು ಆಗಲಿಲ್ಲ.

"ರಾಂಗ್ ನಂಬರಲ್ಲ. ಅಮ್ಮಣ್ಣಿ ಅಂತ ಕರೆದ. ಮನೆ ತುಂಬ ಜನ ಬಂದವ್ರೆ ಅಂದ. ಗುಬ್ಬಿ ಅತ್ತೆ ಬಂದವ್ಳೆ ಅಂತನೂ ಅಂದ."

ಮೂಲೆಯಲ್ಲಿ ಕೂತಿದ್ದ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ಶನಿವಾರ ದೀಪ ಹಚ್ಚುವ ಹೊತ್ತಿಗೆ ಅವಳು ಗುಬ್ಬಿಯಿಂದ ಬಂದು ಇಳಿದದ್ದು, ಅಪ್ಪನ ಕಾಲು ಹಿಡಿದು ಅತ್ತದ್ದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹರಪನಹಳ್ಳಿಯಲ್ಲಿದ್ದ ನನಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಅತ್ತೆ ತೆವಳಿಕೊಂಡು ನನ್ನ ಹತ್ತಿರ ಬಂದು, "ಏನಂದ? ನಾನು ಬಂದಿದ್ದಕ್ಕೆ ಏನಂದ?" ಎಂದಳು.

"ಕೊನೆಗೂ ಬಂದ್ಳು ಅಂದ. ನಕ್ಕ."

ಅತ್ತೆ ನನ್ನ ತೊಡೆಯ ಮೇಲೆ ತಲೆ ಇಟ್ಟು ಅತ್ತಳು. ಆ ಅಳುವಿನಲ್ಲಿ ಏನೋ ಭಾರ ಇಳಿದ ಹಾಗಿತ್ತು. ಅವಳು ಬದುಕಿದ್ದಷ್ಟು ದಿನವೂ ಆ ಎರಡು ಮಾತನ್ನು ಎಲ್ಲರ ಮುಂದೆ ಹೇಳಿಕೊಂಡಳು.

ಆದರೆ ಅಣ್ಣನ ಮುಖ ಬದಲಾಗಿಹೋಯಿತು. ಅವನು ನನ್ನನ್ನೇ ನೋಡುತ್ತ ನಿಧಾನವಾಗಿ, "ಅತ್ತೆ ಬಂದಿದ್ದು ನಿಂಗೆ ಶನಿವಾರವೇ ಗೊತ್ತಿತ್ತು?" ಎಂದ.

"ಹೂಂ. ಅಪ್ಪ..."

"ಅಪ್ಪ ಅಲ್ಲ. ಬೇರೆ ಯಾರಿಗೋ ಫೋನ್ ಮಾಡಿದ್ದೀಯ, ಅವ್ರು ಎಲ್ಲ ತಿಳಿಸವ್ರೆ. ಶನಿವಾರ ರಾತ್ರಿನೇ ನಿಂಗೆ ಗೊತ್ತಿತ್ತು. ಗೊತ್ತಿದ್ದೂ ಬರಲಿಲ್ಲ ನೀನು. ಅಮ್ಮ ಇಲ್ಲಿ ಬಸ್ಸು ಬಸ್ಸಿಗೂ ಬಾಗಿಲು ನೋಡ್ತಿದ್ಲು."

ನಿಜ ಎಂದು ತೋರಿಸಲು ನನ್ನ ಕೈಯಲ್ಲಿ ಇದ್ದದ್ದು ಆ ಒಂದೇ ಮಾತು. ಆ ಮಾತೇ ತಿರುಗಿ ನನ್ನ ಕುತ್ತಿಗೆಗೆ ಬಂತು. ಯೋಚಿಸಿ ನೋಡಿದರೆ ಅಣ್ಣನ ಲೆಕ್ಕದಲ್ಲಿ ತಪ್ಪಿಲ್ಲ. ಅತ್ತೆ ಬಂದದ್ದು ನನಗೆ ಶನಿವಾರ ತಿಳಿದಿತ್ತು ಎಂದಾದರೆ, ಬದುಕಿರುವ ಯಾರೋ ತಿಳಿಸಿರಬೇಕು. ಅತ್ತೆ ಯಾಕೆ ಬಂದಳೆಂದೂ ತಿಳಿಸಿರಬೇಕು. ನಾನೇ ಆದರೂ, ಕಚೇರಿಯ ಊಟದ ಹೊತ್ತಿನಲ್ಲಿ, ಹೀಗೇ ಹೇಳಿ ಕಥೆ ಮುಗಿಸುತ್ತಿದ್ದೆ.

ಸುಮಾರು ಒಂದು ತಿಂಗಳ ನಂತರ ನಾನು ಶಾಂತಾಳ ಜೊತೆ ಮತ್ತೆ ಹರಪನಹಳ್ಳಿಗೆ ಹೋದೆ. ಯಾರಾದರೂ ಒಬ್ಬರು ನನ್ನ ಮಾತಿಗೆ ಹೂಂ ಎನ್ನಬೇಕಿತ್ತು. ರತ್ನಮ್ಮ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ನಾನು ಆ ಸಂಜೆಯ ಫೋನು ನೆನಪಿದೆಯೇ ಎಂದು ಮಾತ್ರ ಕೇಳಿದೆ, ಉಳಿದದ್ದು ಏನೂ ಹೇಳಿರಲಿಲ್ಲ.

"ನೆನಪೈತ್ರಿ. ಬಾಳ ನಕ್ಕೊಂತ ಮಾತಾಡಿದ್ರಿ. ನಿಮ್ಮ ತಂದಿಯೋರು ಆರಾಮದಾರೇನ್ರಿ?"

"ನಮ್ಮ ತಂದೆ ಅಂತ ನಿಮಗೆ ಹೆಂಗೆ ಗೊತ್ತು?" ಎಂದೆ.

"ಅಯ್ಯ, ನನ್ ಜೋಡಿನೂ ಮಾತಾಡಿದ್ರಲ್ರಿ. ನೀವಿಬ್ರೂ ಆಕಡೆ ಹೋದ್ರಿ, ಈಕಡೆ ಫೋನ್ ಬಂತು. ವಯಸ್ಸಾದವ್ರ ದನಿ. 'ನನ್ ಮಗಳು ಹೋದ್ಲಾ' ಅಂದ್ರು. ಈಗ ಹೋದ್ರು ನೋಡ್ರಿ, ಇನ್ನೂ ದಾರ್ಯಾಗ ಅದಾರ, ಕೂಗಿಸ್ಲೇನ್ರಿ ಅಂದೆ. 'ಬ್ಯಾಡ, ಹೋಗ್ಲಿ ಬಿಡಮ್ಮ' ಅಂದ್ರು. ಅಷ್ಟಾ. ನೀವಾ ನಂಬರ್ ಕೊಟ್ಟೀರೇನೋ ಅಂತ ನಾ ತಿಳಕಂಡೆ."

ನಾನು ಯಾವ ನಂಬರನ್ನೂ ಕೊಟ್ಟಿರಲಿಲ್ಲ. ಆ ಬೂತಿಗೆ ನಂಬರೊಂದು ಇರುತ್ತದೆ, ಹೊರಗಿನಿಂದ ಅಲ್ಲಿಗೂ ಫೋನು ಬರುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಶಾಂತಾ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು. ವಿಷಯವೆಲ್ಲ ತಿಳಿದ ಮೇಲೆ ರತ್ನಮ್ಮ ಎರಡೂ ಕೈಯಿಂದ ಮುಖ ಒರೆಸಿಕೊಂಡು, "ಶಿವನೇ. ನಾನಾ ಕೂಗಿಸಿದ್ರೆ ಚಲೋ ಆಗತಿತ್ತೇನ್ರಿ?" ಎಂದರು. ಆಮೇಲೆ ಅವರೇ, "ನಿಮ್ಮಣ್ಣಾರಿಗೆ ಹಚ್ರಿ. ಇಲ್ಲೇ ಹಚ್ರಿ. ನಾ ಹೇಳ್ತೀನಿ" ಎಂದರು.

ಅಷ್ಟರಲ್ಲಿ ನಮ್ಮ ಬೀದಿಯ ಕೇಬಲ್ ಸರಿಯಾಗಿತ್ತು. ಮತ್ತದೇ ಗೂಡಿನೊಳಗೆ ಹೋಗಿ ಅದೇ ನಂಬರು ಒತ್ತಿದೆ. ಗಂಟೆ ಹೊಡೆಯಿತು, ಹೊಡೆಯಿತು. ಕೊನೆಗೆ ಎತ್ತಿದವನು ಅಣ್ಣ. ಅವನ ಹಲೋ ಕೇಳಿದಾಗ ನನಗೆ ಆದದ್ದು ಸಮಾಧಾನವಲ್ಲ, ನಿರಾಸೆ. ಅದನ್ನು ಇಲ್ಲಿ ಬಿಟ್ಟು ಬೇರೆಲ್ಲೂ ಹೇಳಿಲ್ಲ.

ರತ್ನಮ್ಮ ಗೋಡೆ ಹಿಡಿದುಕೊಂಡು ಬಂದು ಫೋನು ತೆಗೆದುಕೊಂಡರು. ನನಗೆ ಹೇಳಿದ ಹಾಗೇ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ, ಅಣ್ಣನಿಗೂ ಹೇಳಿದರು. "ನನಗೇನ್ ಬರೋದೈತ್ರಿ ಸುಳ್ಳು ಹೇಳಿ? ದೇವ್ರಾಣಿ ನಾ ಕೇಳೀನಿ" ಎಂದರು. ಆಮೇಲೆ ನನಗೆ ಕೊಟ್ಟರು. ಅಣ್ಣ, "ಎಷ್ಟು ದಿನ ಹಿಡೀತು ಆ ಯಮ್ಮಂಗೆ ಕಲಿಸಕ್ಕೆ?" ಎಂದ. ನಾನು ಅಣ್ಣಾ ಎನ್ನುವಷ್ಟರಲ್ಲಿ ಇಟ್ಟುಬಿಟ್ಟ.

ಅಲ್ಲಿಂದೀಚೆಗೆ ನಾನು ಯಾರನ್ನೂ ನಂಬಿಸಲು ಹೋಗಿಲ್ಲ. ಅಣ್ಣ ಮಾತು ಬಿಟ್ಟಿಲ್ಲ. ಹಬ್ಬಕ್ಕೆ ಕರೆಯುತ್ತಾನೆ, ಸೀರೆ ಕೊಡುತ್ತಾನೆ, ನನ್ನ ಮದುವೆಯನ್ನೂ ನಿಂತು ಮಾಡಿಸಿದ. ಅಪ್ಪನ ಹೆಸರು ಬಂದಾಗ ಮಾತ್ರ ನನ್ನ ಕಡೆ ನೋಡುವುದಿಲ್ಲ. ತಿಳಿದವರೊಬ್ಬರು, ದಣಿದ ಮನಸ್ಸಿಗೆ ಹೀಗೆಲ್ಲ ಕೇಳಿಸುತ್ತದೆ ಎಂದರು. ನನ್ನ ಮನಸ್ಸು ದಣಿದಿರಲಿಲ್ಲ. ದಣಿದಿದ್ದರೂ ರತ್ನಮ್ಮನ ಮನಸ್ಸಿಗೆ ಏನಾಗಿತ್ತು? ಎಲ್ಲೋ ತಂತಿಗೆ ತಂತಿ ಬೆಸೆದಿರಬೇಕು ಎಂದರು ಇನ್ನೊಬ್ಬರು. ಬೆಸೆದರೂ ಆ ತುದಿಯಲ್ಲಿ ಒಬ್ಬ ಮನುಷ್ಯ ಬೇಕಲ್ಲ.

ಇವೆಲ್ಲಕ್ಕಿಂತ ನನ್ನನ್ನು ತಿನ್ನುವುದು ಬೇರೆಯೇ ಒಂದು. ಅದು ಅಪ್ಪನೇ ಆಗಿದ್ದರೆ, ನಾನು ಬಂದು ಕೊನೆಯ ಸಲ ಮುಖ ನೋಡುವುದನ್ನು ಯಾಕೆ ತಪ್ಪಿಸಿದ? ನಾನು ನೋಡಬಾರದು, ನೋಡಿದರೆ ತಡೆಯಲಾರಳು ಎಂದು ಕಾಪಾಡಿದನೇ? ಅಪ್ಪ ಅಲ್ಲದಿದ್ದರೆ, ಅವನ ದನಿ ಹೊತ್ತುಕೊಂಡು, ಅವನಷ್ಟೇ ಅಕ್ಕರೆಯಿಂದ ಮಾತಾಡಿ, ನನ್ನನ್ನು ಅವನಿಂದ ದೂರವೇ ಕೂರಿಸಿದ್ದು ಯಾರು? ಒಮ್ಮೊಮ್ಮೆ ಒಂದು ಸರಿ ಅನ್ನಿಸುತ್ತದೆ, ಒಮ್ಮೊಮ್ಮೆ ಇನ್ನೊಂದು. ಇಷ್ಟು ವರ್ಷವಾದರೂ ಒಂದು ಕಡೆಗೆ ನಿಲ್ಲಲು ಆಗಿಲ್ಲ.

ಅಮ್ಮ ನನ್ನನ್ನು ಮೊದಲ ದಿನದಿಂದಲೂ ನಂಬಿದ್ದಾಳೆ. ಅವಳು ನಂಬದಿದ್ದರೇ ಚೆನ್ನಾಗಿತ್ತೇನೋ. ನಾನು ತಿಪಟೂರಿಗೆ ಹೋದಾಗಲೆಲ್ಲ, ಅಣ್ಣ ಹೊರಗೆ ಹೋಗುವುದನ್ನು ಕಾದು, ಹತ್ತಿರ ಬಂದು ಕೂರುತ್ತಾಳೆ. "ಅವತ್ತು ಏನಂದ್ರು, ಇನ್ನೊಂದ್ಸಲ ಹೇಳು" ಎನ್ನುತ್ತಾಳೆ. ನಾನು ಮೊದಲಿನಿಂದ ಹೇಳುತ್ತೇನೆ. ಊರು ಹೆಂಗೈತೆ ಅಂದದ್ದು, ಕೆರೆ ನೋಡು ಅಂದದ್ದು, ಅತ್ತೆ ಬಂದಳೆಂದು ನಕ್ಕದ್ದು. ಅಮ್ಮ ನೆಲ ನೋಡುತ್ತ ಕೇಳುತ್ತಾಳೆ. ಅವಳಿಗಾಗಿ ಒಂದು ಮಾತು ಸೇರಿಸಿ ಹೇಳೋಣವೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ನಾಲಗೆ ಏಳುವುದಿಲ್ಲ. "ಅವಳು ಜನದ ಮಧ್ಯ ಕೂತವ್ಳೆ, ಏಳಕ್ಕಾಗಲ್ಲ" ಎನ್ನುವಲ್ಲಿಗೆ ಬಂದಾಗ ಪ್ರತಿ ಸಲವೂ ಕೈ ಎತ್ತಿ ನನ್ನನ್ನು ತಡೆಯುತ್ತಾಳೆ.

"ಏಳ್ತಿದ್ದೆ ಕಣೆ" ಎನ್ನುತ್ತಾಳೆ. "ಪಕ್ಕದಲ್ಲೇ ಕೂತಿದ್ದೆ. ಒಂದೇ ಒಂದ್ಸಲ ಕೂಗಿದ್ರೆ ಏಳ್ತಿದ್ದೆ."